96 ಡಿಗ್ರಿಗೆ ಕುದಿಯುವ ನೀರು

ಮಡಿಕೇರಿ ಕಡೆಯ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ ಜೂನ್ ಮೊದಲ ವಾರ ಫೋನ್ ಮಾಡಿದ್ದರು. ಶಾಲೆಗೆ ಹನ್ನೆರಡು ಹೊಸ ಥರ್ಮಾಮೀಟರುಗಳು ಬಂದಿದ್ದವು. ಕುದಿಯುವ ನೀರಿನ ಹಬೆಯಲ್ಲಿ ಒಂದೊಂದನ್ನೇ ಹಿಡಿದು ನೋಡಿದರೆ ಹತ್ತು 96ರ ಆಸುಪಾಸಿನಲ್ಲಿ ನಿಂತವು, ಒಂದು 93ಕ್ಕೆ ನಿಂತಿತು, ಇನ್ನೊಂದು ಮಾತ್ರ ಸರಿಯಾಗಿ 100 ಮುಟ್ಟಿತು. ‘ಹನ್ನೊಂದನ್ನು ವಾಪಸು ಕಳಿಸಿ ಆ ಒಂದನ್ನು ಇಟ್ಟುಕೊಳ್ಳಲೇ?’ ಎಂದು ಕೇಳಿದರು. ಕಣ್ಣುಮುಚ್ಚಿ ನಂಬಬಹುದಾದದ್ದು ಆ ಹತ್ತನ್ನು. ಅನುಮಾನ ಪಡಬೇಕಾದ ಎರಡರಲ್ಲಿ ನೂರು ತೋರಿಸಿದ್ದೂ ಒಂದು.

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಇಳಿಯುತ್ತದೆ; ಒತ್ತಡ ಇಳಿದರೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಅಂದಾಜಿನ ಲೆಕ್ಕ, 300 ಮೀಟರಿಗೆ ಒಂದು ಡಿಗ್ರಿ. ಮಂಗಳೂರಿನಲ್ಲಿ 100ಕ್ಕೆ ಕುದಿಯುವ ನೀರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರ ಕುದಿಯುತ್ತದೆ, ಮಡಿಕೇರಿಯಲ್ಲಿ 96ರ ಹತ್ತಿರ. ಪಠ್ಯಪುಸ್ತಕದ ನೂರು ಕಡಲತೀರದ ನೂರು. ಇದನ್ನು ನಾವೆಲ್ಲ ಓದಿರುತ್ತೇವೆ, ಕುಕ್ಕರಿನ ಉದಾಹರಣೆ ಕೊಟ್ಟು ಪಾಠವನ್ನೂ ಮಾಡಿರುತ್ತೇವೆ. ಆದರೂ ಕೈಯಲ್ಲಿರುವ ಗಾಜಿನ ಕಡ್ಡಿ 96 ಅಂದಾಗ ಮೊದಲು ಕಡ್ಡಿಯನ್ನೇ ಅನುಮಾನಿಸುತ್ತೇವೆ.

ಪೆಟ್ಟಿಗೆ ಬಿಚ್ಚಿದ ದಿನವೇ ಅವರು ನೀರು ಕಾಯಿಸಿ ನೋಡಿದ್ದು ನನಗೆ ತುಂಬ ಹಿಡಿಸಿತು. ಬಹಳ ಶಾಲೆಗಳಲ್ಲಿ ಸಾಮಾನು ಪೆಟ್ಟಿಗೆಯಿಂದ ಬೀರುವಿಗೆ, ಬೀರುವಿನಿಂದ ದಾಸ್ತಾನು ವಹಿಗೆ ಹೋಗುತ್ತದೆ. ಮುಂದೆ ಅದನ್ನು ನೋಡುವವರು ತಪಾಸಣೆಗೆ ಬಂದವರು. ನಾನೂ ಹಾಗೆಯೇ ಕೆಲಸ ಶುರುಮಾಡಿದವನು. ಮೊದಲ ಶಾಲೆಯಲ್ಲಿ ಪ್ರಯೋಗಾಲಯದ ಚಾರ್ಜ್ ವಹಿಸಿಕೊಂಡಾಗ ವಹಿಯ ಪ್ರತಿ ಸಾಲಿನ ಮುಂದೆ ಸಹಿ ಹಾಕಿಸಿಕೊಂಡು, ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರೆ ಎಂದು ಹೇಳಿದ್ದರು. ಆ ಹೆದರಿಕೆಯಲ್ಲಿ ಕೆಲವು ವರ್ಷ ಬೀರುವಿಗೆ ಬೀಗ ಹಾಕಿಯೇ ಪಾಠ ಮಾಡಿದೆ. ಕೊನೆಗೊಮ್ಮೆ ತೆಗೆದಾಗ ಸ್ಪ್ರಿಂಗ್ ತಕ್ಕಡಿಗಳು ತುಕ್ಕು ಹಿಡಿದು ಜಾಮ್ ಆಗಿದ್ದವು, ಮಲ್ಟಿಮೀಟರಿನೊಳಗೆ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿತ್ತು, ಸ್ಕ್ರೂ ಗೇಜ್ ತಿರುಗುತ್ತಿರಲಿಲ್ಲ. ಒಂದನ್ನೂ ಒಬ್ಬ ಹುಡುಗನೂ ಮುಟ್ಟಿರಲಿಲ್ಲ. ಆ ಮಧ್ಯಾಹ್ನದ ಸಂಕಟ ಇಂದಿಗೂ ಹೋಗಿಲ್ಲ.

ಹೀಗಾಗಿ ‘ಬಾಳಿಕೆ ಬರುವ ಮಾಪಕ’ ಎಂದರೆ ನನಗೆ ಈಗ ಬೇರೆಯೇ ಅರ್ಥ ಹೊಳೆಯುತ್ತದೆ. ದಪ್ಪ ಲೋಹ, ಭಾರವಾದ ಪೆಟ್ಟಿಗೆ ನೋಡಿ ಅದನ್ನು ಅಳೆಯಲಾಗದು. ಮಕ್ಕಳ ಕೈಯಲ್ಲಿ ಓಡಾಡಿದ ಮೇಲೂ ಸರಿ ಇದೆಯೇ ಎಂದು ಶಾಲೆಯಲ್ಲೇ ಪರೀಕ್ಷಿಸಲು ಬರಬೇಕು, ಕೆಟ್ಟರೆ ಶಾಲೆಯಲ್ಲೋ ಪಕ್ಕದ ಊರಿನಲ್ಲೋ ಬಿಚ್ಚಿ ಸರಿಮಾಡಲು ಬರಬೇಕು. ಈ ಎರಡೂ ಇಲ್ಲದ ಸಾಮಾನು ಎಷ್ಟೇ ಗಟ್ಟಿಯಾಗಿದ್ದರೂ ಒಂದು ದಿನ ಬೀರು ಸೇರುತ್ತದೆ.

ಶಾಲೆಗಳಲ್ಲಿ ಹೆಚ್ಚು ಸಾಯುವ ಮಾಪಕ ಅಮ್ಮೀಟರ್. ಅದರೊಳಗೆ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಕೂದಲಿನಷ್ಟು ಸಣ್ಣ ತಂತಿಯ ಸುರುಳಿ, ಅದನ್ನು ಹಿಂದಕ್ಕೆ ಎಳೆಯಲು ಕೈಗಡಿಯಾರದಲ್ಲಿ ಇರುವಂಥ ಎರಡು ಸೂಕ್ಷ್ಮ ಸ್ಪ್ರಿಂಗುಗಳು. ವಿದ್ಯುತ್ತು ಈ ಸ್ಪ್ರಿಂಗುಗಳ ಮೂಲಕವೇ ಸುರುಳಿಗೆ ಹೋಗಬೇಕು. ಅಮ್ಮೀಟರಿನ ರೋಧ ತೀರಾ ಕಡಿಮೆ. ಸರಣಿಯಲ್ಲಿ ಜೋಡಿಸಬೇಕಾದ ಅದನ್ನು ಹುಡುಗನೊಬ್ಬ ವೋಲ್ಟ್‌ಮೀಟರಿನ ಜಾಗದಲ್ಲಿ, ಬ್ಯಾಟರಿಗೆ ನೇರವಾಗಿ, ಜೋಡಿಸಿದರೆ ಮುಳ್ಳು ಹೋಗಿ ತುದಿಗೆ ಬಡಿಯುತ್ತದೆ. ಮುಳ್ಳು ಬಾಗಬಹುದು, ಸ್ಪ್ರಿಂಗಿನ ಬಿಗಿ ಹೋಗಬಹುದು, ಸುರುಳಿಯೇ ಸುಡಬಹುದು. ಓಮ್‌ನ ನಿಯಮ ಕಲಿಯುವ ಹತ್ತನೇ ತರಗತಿಯಲ್ಲಿ ಈ ತಪ್ಪು ಆಗಿಯೇ ಆಗುತ್ತದೆ, ಆಗಬೇಕು ಕೂಡ. ಆ ತಪ್ಪನ್ನು ತಾಳಿಕೊಳ್ಳುವ ವ್ಯವಸ್ಥೆ ನಮ್ಮದಾಗಿರಬೇಕು.

ಅದಕ್ಕೆ ಬೇಕಾದದ್ದು ಕೆಲವೇ ರೂಪಾಯಿಯ ಫ್ಯೂಸ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ, ಯಾವುದೇ ತಾಲ್ಲೂಕು ಕೇಂದ್ರದ ರೇಡಿಯೋ ರಿಪೇರಿ ಅಂಗಡಿಯಲ್ಲೂ ಸಿಗುವ ಗಾಜಿನ ಸಣ್ಣ ಫ್ಯೂಸನ್ನು ಹಿಡಿಕೆ ಸಮೇತ ಅಮ್ಮೀಟರಿನ ಒಂದು ತುದಿಗೆ ಬೆಸೆದುಬಿಡಿ. ತಪ್ಪಾದಾಗ ಸುಡುವುದು ಫ್ಯೂಸ್. ಗ್ಯಾಲ್ವನೋಮೀಟರಿಗೆ ಇನ್ನೂ ಚೆಂದದ ಉಪಾಯವಿದೆ: 1ಎನ್4007 ಎಂಬ ಸಾಮಾನ್ಯ ಡಯೋಡುಗಳೆರಡನ್ನು ಒಂದಕ್ಕೊಂದು ತಿರುವುಮುರುವಾಗಿ ಅದರ ಎರಡು ತುದಿಗಳ ನಡುವೆ ಜೋಡಿಸುವುದು. ಶಾಲೆಯ ಗ್ಯಾಲ್ವನೋಮೀಟರಿನ ಮುಳ್ಳು ಪೂರ್ತಿ ಸರಿಯಲು ವೋಲ್ಟಿನ ಹತ್ತನೇ ಒಂದರಷ್ಟೂ ಬೇಕಾಗುವುದಿಲ್ಲ. ಅಷ್ಟಕ್ಕೆ ಡಯೋಡುಗಳು ಮಿಸುಕುವುದಿಲ್ಲ. ಅರ್ಧ ವೋಲ್ಟು ದಾಟಿದ ಮೇಲೆ ಮಾತ್ರ ಅವು ದಾರಿ ತೆರೆದು ಹೆಚ್ಚಿನ ವಿದ್ಯುತ್ತನ್ನು ತಮ್ಮ ಮೂಲಕ ಸಾಗಿಸುತ್ತವೆ. ಹತ್ತಿರದ ಐಟಿಐ ಹುಡುಗರು ಅರ್ಧ ದಿನದಲ್ಲಿ ಇಡೀ ಶಾಲೆಯ ಮೀಟರುಗಳಿಗೆ ಇದನ್ನು ಬೆಸೆದುಕೊಡಬಲ್ಲರು.

ಕೊಳ್ಳುವಾಗ ಅಮ್ಮೀಟರನ್ನು ಕೈಯಲ್ಲಿ ಹಿಡಿದು ಮಲಗಿಸಿ, ನಿಲ್ಲಿಸಿ, ಪಕ್ಕಕ್ಕೆ ವಾಲಿಸಿ ನೋಡಿ. ಮುಳ್ಳು ಸೊನ್ನೆಯಿಂದ ಅಷ್ಟಿಷ್ಟು ಸರಿದರೆ ಪರವಾಗಿಲ್ಲ, ಎರಡು ಮೂರು ಗೆರೆ ದಾಟಿದರೆ ಬೇಡ. ಮೆಲ್ಲಗೆ ಅಲುಗಿಸಿ ಬಿಟ್ಟರೆ ಮುಳ್ಳು ತೂಗಾಡಿ ಪ್ರತಿಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲಬೇಕು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ತಿರುಗಣೆಯಲ್ಲಿ ಘರ್ಷಣೆ ಇದೆ ಎಂದರ್ಥ. ಮುಂಭಾಗದಲ್ಲಿ ಸೊನ್ನೆಗೆ ತರುವ ತಿರುಪು ಇದೆಯೇ, ಮುಚ್ಚಳವನ್ನು ತಿರುಪುಗಳಿಂದ ಬಿಗಿದಿದ್ದಾರೆಯೇ ಅಂಟಿಸಿಬಿಟ್ಟಿದ್ದಾರೆಯೇ ನೋಡಿ. ಅಂಟಿಸಿದ್ದನ್ನು ನಾನು ಕೊಳ್ಳುವುದಿಲ್ಲ. ಮುಚ್ಚಳ ಬಿಚ್ಚಲು ಬಂದರೆ ಊರಿನ ಗಡಿಯಾರ ರಿಪೇರಿಯವರೂ ಬಾಗಿದ ಮುಳ್ಳನ್ನು ನೆಟ್ಟಗೆ ಮಾಡಿಕೊಡುತ್ತಾರೆ.

ಇದಕ್ಕಿಂತ ಮುಖ್ಯವಾದ, ಆದರೆ ಯಾರೂ ಕೇಳದ ವಿಷಯ ಮಾಪಕದ ದರ್ಜೆ. ಮುಳ್ಳಿನ ಮಾಪಕಗಳಿಗೆ ಐಎಸ್ 1248 ಎಂಬ ಭಾರತೀಯ ಮಾನಕವಿದೆ. ಮಾಪಕದ ಮುಖದ ಮೇಲೆ ಮೂಲೆಯಲ್ಲಿ 1.5 ಅಥವಾ 2.5 ಎಂದು ಚಿಕ್ಕದಾಗಿ ಬರೆದಿರುವುದು ಅದರ ದರ್ಜೆ. 2.5 ಎಂದರೆ ಪೂರ್ಣ ಅಳತೆಯ ಶೇ 2.5ರಷ್ಟು ತಪ್ಪು ಮುಖದ ಮೇಲೆ ಎಲ್ಲಿ ಬೇಕಾದರೂ ಇರಬಹುದು. 3 ಆಂಪಿಯರಿನ ಮಾಪಕಕ್ಕೆ ಅದು 0.075 ಆಂಪಿಯರ್. ಮಕ್ಕಳು ಅದೇ ಮಾಪಕದಲ್ಲಿ 0.3 ಆಂಪಿಯರ್ ಅಳೆದರೆ ತಪ್ಪು ನಾಲ್ಕನೇ ಒಂದು ಪಾಲಿನಷ್ಟಾಗಬಹುದು. ಅದೇ ದರ್ಜೆಯ 500 ಮಿಲಿಆಂಪಿಯರಿನ ಮಾಪಕ ತಂದಿದ್ದರೆ ತಪ್ಪು 12.5 ಮಿಲಿಆಂಪಿಯರ್ ಮೀರುತ್ತಿರಲಿಲ್ಲ. ಬೆಲೆ ಹೆಚ್ಚುಕಡಿಮೆ ಅಷ್ಟೇ. ನಮ್ಮ ಪ್ರಯೋಗದಲ್ಲಿ ಮುಳ್ಳು ಮುಖದ ಮೂರನೇ ಎರಡು ಭಾಗದವರೆಗೆ ಏರುವಂಥ ಮಾಪಕವನ್ನು ಆರಿಸಬೇಕು. ‘ದೊಡ್ಡದಿರಲಿ, ಸುಡುವುದಿಲ್ಲ’ ಎಂಬ ಲೆಕ್ಕದಲ್ಲಿ 3 ಆಂಪಿಯರಿನದನ್ನೋ 5 ಆಂಪಿಯರಿನದನ್ನೋ ತರಬಾರದು.

ಇದು ಬರೀ ಲೆಕ್ಕಾಚಾರದ ಮಾತಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ತಪ್ಪು ವ್ಯಾಪ್ತಿಯ ಮಾಪಕದಿಂದ ಬಂದ ಬಿಂದುಗಳು ಗ್ರಾಫಿನ ಮೇಲೆ ನೇರ ಗೆರೆಗೆ ಬೀಳುವುದಿಲ್ಲ. ಗೆರೆ ನೇರ ಬರಬೇಕೆಂದು ಹುಡುಗಿಗೆ ಪುಸ್ತಕದಿಂದ ಗೊತ್ತಿದೆ. ಅವಳು ರಬ್ಬರು ತೆಗೆದುಕೊಂಡು 0.27 ಅನ್ನು 0.30 ಮಾಡುತ್ತಾಳೆ. ಹದಿನೈದು ವರ್ಷದ ಮಗುವಿಗೆ ಕಂಡದ್ದನ್ನು ಅಳಿಸಿ ಕಾಣಬೇಕಾದದ್ದನ್ನು ಬರೆಯುವ ಅಭ್ಯಾಸವನ್ನು ನಾವೇ ಕಲಿಸಿದ ಹಾಗಾಯಿತು. ರೆಕಾರ್ಡ್ ಪುಸ್ತಕಗಳಲ್ಲಿ ಒಂದೇ ಒಂದು ಓರೆ ಬಿಂದುವಿಲ್ಲದ ಗ್ರಾಫುಗಳನ್ನು ತಿದ್ದುವಾಗೆಲ್ಲ ನನಗೆ ಬೀರುವಿನ ಮೀಟರುಗಳೇ ನೆನಪಾಗುತ್ತಿದ್ದವು.

ಡಿಜಿಟಲ್ ಮಲ್ಟಿಮೀಟರ್ ತಂದರೆ ಈ ತಾಪತ್ರಯ ಇಲ್ಲವಲ್ಲ ಎನ್ನುವವರಿದ್ದಾರೆ. ಮುಳ್ಳು ಏರುತ್ತ ಇಳಿಯುತ್ತ ಕಣ್ಣಿಗೆ ಕಾಣುವುದಕ್ಕೆ ಕಲಿಕೆಯಲ್ಲಿ ಬೆಲೆ ಇದೆ, ಆದರೂ ಮಲ್ಟಿಮೀಟರ್ ಒಳ್ಳೆಯದೇ, ನಾಲ್ಕು ಮಕ್ಕಳಿಗೊಂದು ಇರಲಿ. ಅಗ್ಗದವುಗಳಲ್ಲಿ 10 ಆಂಪಿಯರಿನ ತೂತಿಗೆ ಫ್ಯೂಸ್ ಇರುವುದಿಲ್ಲ. ಕೆಂಪು ತಂತಿಯನ್ನು ಅಲ್ಲೇ ಮರೆತು ವೋಲ್ಟೇಜ್ ಅಳೆಯಲು ಹೋದರೆ ಅದು ನೇರ ಶಾರ್ಟ್. ಆ ತೂತನ್ನು ಟೇಪು ಹಚ್ಚಿ ಮುಚ್ಚಿಬಿಡುವುದು ಲೇಸು, ಗೋಡೆಯ ಪ್ಲಗ್ಗಿಗಂತೂ ಮಕ್ಕಳು ಅದನ್ನು ತಾಗಿಸಲೇಬಾರದು. ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದ ದಿನ ಎಲ್ಲದರ ಬ್ಯಾಟರಿ ತೆಗೆದಿಡಿ. ಆಲ್ಕಲೈನ್ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಕಡ್ಡಿಗೆ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿದರೆ ಬಹುಪಾಲು ಮೀಟರುಗಳು ಮತ್ತೆ ಎದ್ದು ಕೂರುತ್ತವೆ.

ವರ್ನಿಯರ್, ಸ್ಕ್ರೂ ಗೇಜ್‌ಗಳ ವಿಷಯ ಇಷ್ಟು ಕಷ್ಟದ್ದಲ್ಲ. ವರ್ನಿಯರಿನ ದವಡೆಗಳನ್ನು ಮುಚ್ಚಿ ಬೆಳಕಿಗೆ ಹಿಡಿದರೆ ನಡುವೆ ಬೆಳಕು ಹಾಯಬಾರದು. ಸ್ಟೇನ್‌ಲೆಸ್ ಸ್ಟೀಲಿನದು ತನ್ನಿ. ನಿಕ್ಕಲ್ ಲೇಪದ ಕಬ್ಬಿಣ ಕರಾವಳಿಯ ಮಳೆಗಾಲಗಳನ್ನು ತಾಳುವುದಿಲ್ಲ. ಸ್ಕ್ರೂ ಗೇಜನ್ನು ಮುಚ್ಚಿ ಇಡಬಾರದು, ಎರಡು ಮುಖಗಳ ನಡುವೆ ಒಂದಿಷ್ಟು ಸಂದು ಬಿಟ್ಟು, ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಹಾಕಿ ಇಡಬೇಕು. ಕೊಬ್ಬರಿ ಎಣ್ಣೆ ಹಾಕುವವರನ್ನು ನೋಡಿದ್ದೇನೆ. ಚಳಿಗೆ ಅದು ಗಟ್ಟಿಯಾಗುತ್ತದೆ, ವರ್ಷ ಕಳೆದರೆ ಅಂಟಾಗಿ ಧೂಳು ಹಿಡಿಯುತ್ತದೆ. ಶೂನ್ಯ ದೋಷ ಇರುವ ಗೇಜನ್ನು ಎಸೆಯಬೇಡಿ. ದೋಷ ಎಷ್ಟೆಂದು ಕಂಡುಹಿಡಿದು ಕಳೆಯುವುದೇ ಪಾಠ. ಅಂಥವು ಒಂದೆರಡು ಬೇಕೇ ಬೇಕು. ಇವೆರಡನ್ನೂ ಪರೀಕ್ಷಿಸಲು ಜೇಬಿನಲ್ಲೇ ಮಾನಕವಿದೆ. ರೂಪಾಯಿ ಚಿಹ್ನೆ ಇರುವ 10 ರೂಪಾಯಿಯ ಎರಡು ಲೋಹದ ನಾಣ್ಯದ ವ್ಯಾಸ 27 ಮಿಲಿಮೀಟರ್, ತೂಕ ಸುಮಾರು 7.7 ಗ್ರಾಂ. ಹತ್ತು ನಾಣ್ಯ ಒಟ್ಟಿಗೆ ಇಟ್ಟರೆ ತಕ್ಕಡಿ 77 ಗ್ರಾಂ ಆಸುಪಾಸಿನಲ್ಲಿ ನಿಲ್ಲಬೇಕು.

ತಕ್ಕಡಿಯ ವಿಷಯದಲ್ಲಿ ಮಡಿಕೇರಿಯ ನೀರಿನಂಥದೇ ಒಂದು ಸ್ವಾರಸ್ಯವಿದೆ. ಶಾಲಾ ಉಪಕರಣಗಳು ಹರಿಯಾಣದ ಅಂಬಾಲಾ ಊರಿನಿಂದ ದೇಶವೆಲ್ಲ ಹಂಚಿಹೋಗುತ್ತವೆ. ಎಲೆಕ್ಟ್ರಾನಿಕ್ ತಕ್ಕಡಿ ಅಳೆಯುವುದು ವಸ್ತು ಕೆಳಗೆ ಒತ್ತುವ ಬಲವನ್ನು, ಆ ಬಲ ಗುರುತ್ವಾಕರ್ಷಣೆಯನ್ನು ಅವಲಂಬಿಸಿದೆ. ದೆಹಲಿಯಲ್ಲಿ ಗುರುತ್ವ ವೇಗೋತ್ಕರ್ಷ 9.791, ಸಮಭಾಜಕಕ್ಕೆ ಹತ್ತಿರವೂ ಎತ್ತರದಲ್ಲೂ ಇರುವ ಬೆಂಗಳೂರಿನಲ್ಲಿ 9.780. ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು. ಉತ್ತರದಲ್ಲಿ ಹೊಂದಿಸಿದ ತಕ್ಕಡಿಯನ್ನು ಇಲ್ಲಿ ಹಾಗೇ ಬಳಸಿದರೆ 200 ಗ್ರಾಮಿನ ಬಟ್ಟು 199.8 ತೋರಿಸುತ್ತದೆ. ನೂರನೇ ಒಂದು ಗ್ರಾಂವರೆಗೆ ಅಂಕಿ ತೋರಿಸುವ ತಕ್ಕಡಿಯಲ್ಲಿ ಇದು ಕಣ್ಣಿಗೆ ಹೊಡೆಯುವ ತಪ್ಪು. ಆದ್ದರಿಂದ ಹೊಂದಿಸುವ ಬಟ್ಟು ಜೊತೆಗೆ ಬಾರದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕೊಳ್ಳಬೇಡಿ; ಬಂದ ದಿನ ಆ ಬಟ್ಟು ಇಟ್ಟು ಇಲ್ಲಿಗೆ ಹೊಂದಿಸಿ. ಹಳೆಯ ಎರಡು ತಟ್ಟೆಯ ಭೌತ ತಕ್ಕಡಿಗೆ ಈ ರಗಳೆಯೇ ಇಲ್ಲ, ಎರಡೂ ಕಡೆ ಗುರುತ್ವ ಒಂದೇ ಅಷ್ಟು ಬದಲಾಗುತ್ತದೆ. ಯಾವುದೋ ಮೂಲೆಯಲ್ಲಿ ಅದು ಬಿದ್ದಿದ್ದರೆ ಹೊರಗೆ ತೆಗೆಯಿರಿ. ಬಟ್ಟು ಇಡುವಾಗ, ತೆಗೆಯುವಾಗ ದಂಡವನ್ನು ಕೆಳಗಿಳಿಸುವ ಒಂದು ನಿಯಮ ಪಾಲಿಸಿದರೆ ಅದರ ಅಗೇಟ್ ಕಲ್ಲಿನ ಅಂಚು ಶಿಕ್ಷಕರ ಸೇವಾವಧಿಗಿಂತ ಹೆಚ್ಚು ಬಾಳುತ್ತದೆ.

ಎಲ್ಲಿ ಖರ್ಚು ಬೇಡ ಎಂಬುದನ್ನೂ ಹೇಳಬೇಕು. ದುಬಾರಿ ಸ್ಟಾಪ್‌ವಾಚ್ ಬೇಡ. ಅಗ್ಗದ ಕ್ವಾರ್ಟ್ಜ್ ಗಡಿಯಾರವೂ ನಮ್ಮ ಹೆಬ್ಬೆರಳಿಗಿಂತ ಎಷ್ಟೋ ನಿಖರ. ತಪ್ಪು ಬರುವುದು ಒತ್ತುವ ಬೆರಳಿನಿಂದ. ಲೋಲಕದ ಒಂದು ತೂಗಾಟದ ಬದಲು ಇಪ್ಪತ್ತನ್ನು ಅಳೆದು ಭಾಗಿಸಿದರೆ ಕೆಲಸವಾಯಿತು.

ಇನ್ನು ಪಾದರಸ. ವಿಷಕ್ಕೆ ಬಲಿಯಾದ ಜಪಾನಿನ ಊರಿನ ಹೆಸರನ್ನೇ ಹೊತ್ತ ಮಿನಮಾಟ ಒಪ್ಪಂದ 2013ರಲ್ಲಿ ಆಗಿ 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಶಾಲೆಗೆ ಹೊಸ ಪಾದರಸದ ಥರ್ಮಾಮೀಟರ್ ತರಬೇಡಿ. ಹಳೆಯದು ಒಡೆದರೆ ಪೊರಕೆ ಮುಟ್ಟಬೇಡಿ, ಅದು ಹನಿಗಳನ್ನು ಇನ್ನಷ್ಟು ಪುಡಿ ಮಾಡಿ ಹರಡುತ್ತದೆ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆದು, ಎರಡು ರಟ್ಟಿನ ತುಂಡುಗಳಿಂದ ಹನಿಗಳನ್ನು ಒಟ್ಟುಮಾಡಿ, ಡ್ರಾಪರಿನಿಂದ ಎತ್ತಿ, ಮೇಲೆ ನೀರು ನಿಲ್ಲಿಸಿದ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ. ಕೆಂಪು ದ್ರವದ ಥರ್ಮಾಮೀಟರಿನಲ್ಲಿ ದಾರ ತುಂಡಾಗುವ ರೋಗವಿದೆ. ಮಂಜುಗಡ್ಡೆಗೆ ಉಪ್ಪು ಬೆರೆಸಿ ಅದರಲ್ಲಿ ಬುರುಡೆ ಮುಳುಗಿಸಿದರೆ ದ್ರವವೆಲ್ಲ ಕೆಳಗಿಳಿದು ಕೂಡಿಕೊಳ್ಳುತ್ತದೆ. ಥರ್ಮಾಮೀಟರುಗಳು ಸಾಯುವುದು ಹೆಚ್ಚಾಗಿ ಮೇಜಿನಿಂದ ಉರುಳಿಬಿದ್ದು. ತಲೆಯ ಹತ್ತಿರ ಒಂದು ತ್ರಿಕೋನದ ರಬ್ಬರ್ ತುಂಡು ಸಿಕ್ಕಿಸಿದರೆ ಉರುಳುವುದೇ ನಿಂತುಹೋಗುತ್ತದೆ.

ಒಂದೇ ಪಟ್ಟಿಯ ಸಾಮಾನು ಇಡೀ ರಾಜ್ಯಕ್ಕೆ ಹೋಗುತ್ತದೆ, ಆದರೆ ರಾಜ್ಯದ ಹವೆ ಒಂದೇ ಅಲ್ಲ. ಆಗುಂಬೆ, ಉಡುಪಿ, ಕಾರವಾರದ ಶಾಲೆಗಳಲ್ಲಿ ಸೂಕ್ಷ್ಮದರ್ಶಕದ ಮಸೂರದ ಮೇಲೆ ಜೇಡನ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಅಲ್ಲಿ ಚರ್ಮದ, ಸ್ಪಂಜಿನ ಪೆಟ್ಟಿಗೆಗಳೇ ಶತ್ರು, ಅವು ತೇವ ಹಿಡಿದಿಡುತ್ತವೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು, ಬಣ್ಣ ಬದಲಾದಾಗ ಬಿಸಿಮಾಡಿ ಮತ್ತೆ ಬಳಸಬೇಕು. ರಾಯಚೂರು, ಕಲಬುರಗಿಯ ಕಡೆ ತೊಂದರೆ ಧೂಳಿನದು. ಎಲ್ಲ ಕಡೆಯೂ ಆಗುವ ಅನಾಹುತ ಒಂದಿದೆ: ಕಬ್ಬಿಣದ ಹುಡಿಯ ಡಬ್ಬಿಯನ್ನು ಮೀಟರುಗಳ ಪಕ್ಕ ಇಡುವುದು. ಹುಡಿ ಒಳಗೆ ಸೇರಿ ಅಯಸ್ಕಾಂತಕ್ಕೆ ಅಂಟಿಕೊಂಡರೆ ಸುರುಳಿ ತಿರುಗುವುದಿಲ್ಲ. ಅದಕ್ಕೆ ಬೇರೆಯೇ ಬೀರು ಇರಲಿ.

ಖರೀದಿಯಲ್ಲಿ ನಾವು ಸೋಲುವುದು ಪದಗಳಲ್ಲಿ. ಟೆಂಡರಿನಲ್ಲಿ ‘ಉತ್ತಮ ಗುಣಮಟ್ಟದ ಅಮ್ಮೀಟರ್’ ಎಂದು ಬರೆದರೆ ಅತಿ ಕಡಿಮೆ ಬೆಲೆ ಹಾಕಿದವರು ತಂದದ್ದೇ ಉತ್ತಮ ಗುಣಮಟ್ಟ. ವ್ಯಾಪ್ತಿ ಎಷ್ಟು, ದರ್ಜೆ ಎಷ್ಟು, ಫ್ಯೂಸ್ ಇರಬೇಕೇ, ಮುಚ್ಚಳಕ್ಕೆ ತಿರುಪು ಇರಬೇಕೇ, ಯಾವ ಲೋಹ, ಇಷ್ಟನ್ನು ಬರೆದರೆ ಅದೇ ಕಡಿಮೆ ಬೆಲೆಯ ನಿಯಮದಲ್ಲೇ ಒಳ್ಳೆಯ ಸಾಮಾನು ಬರುತ್ತದೆ. ಮೊದಲು ಒಂದು ಮಾದರಿ ಕೇಳಿ. ಅರವತ್ತು ಬಗೆಯ ಸಾಮಾನು ಒಂದೊಂದು ಬರುವ ಕಿಟ್‌ಗಿಂತ ಒಂದೇ ಮಾದರಿಯ ಹತ್ತು ಮೀಟರ್ ಮೇಲು. ಎರಡು ಕೆಟ್ಟರೂ ಅವುಗಳ ಬಿಡಿಭಾಗದಿಂದ ಉಳಿದ ಎಂಟು ಬದುಕುತ್ತವೆ. ಮಧ್ಯಪ್ರದೇಶದಲ್ಲಿ 1972ರಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ ನಾಲ್ಕು ನಾಲ್ಕು ಮಕ್ಕಳ ಗುಂಪುಗಳ ಕೈಗೇ ಸಾಮಾನು ಕೊಟ್ಟು ಮೂರು ದಶಕ ನಡೆಯಿತು. ಈಚಿನ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಶಾಲೆಗೆ ಸಿಗುವ 20 ಲಕ್ಷ ರೂಪಾಯಿಯಲ್ಲಿ ಸ್ಥಾಪನೆಗೆ 10 ಲಕ್ಷ, ಐದು ವರ್ಷ ನಡೆಸಿಕೊಂಡು ಹೋಗಲು 10 ಲಕ್ಷ ಎಂದು ಬೇರೆ ಬೇರೆ ಇಟ್ಟಿದ್ದಾರೆ. ಆ ವಿಂಗಡಣೆ ನನಗೆ ಬಹಳ ಸರಿ ಅನ್ನಿಸುತ್ತದೆ. ಸಾಮಾನ್ಯ ಪ್ರಯೋಗಾಲಯಕ್ಕೂ ರಿಪೇರಿಗೆಂದೇ ವರ್ಷಕ್ಕೆ ಇಂತಿಷ್ಟು ಎಂದು ಇಡಬೇಕು. ಒಡೆದದ್ದನ್ನು ವಹಿಯಿಂದ ಹೊಡೆದುಹಾಕುವ ಅಧಿಕಾರವನ್ನು ಮುಖ್ಯ ಶಿಕ್ಷಕರಿಗೆ ಕೊಡಬೇಕು. ಮಗು ಪ್ರಯೋಗ ಮಾಡುವಾಗ ಒಡೆದ ಬೀಕರಿಗೆ ಶಿಕ್ಷಕರ ಸಂಬಳ ಹೊಣೆಯಾಗಿರುವವರೆಗೆ ಬೀಗ ತೆರೆಯುವುದಿಲ್ಲ.

ಪ್ರತಿ ಶಾಲೆಯಲ್ಲಿ ಒಂದು ಚಿಕ್ಕ ಪೆಟ್ಟಿಗೆ ಮಾತ್ರ ಬೀಗದಲ್ಲಿರಲಿ: ಒಂದು ಒಳ್ಳೆಯ ಥರ್ಮಾಮೀಟರ್, ಒಂದು ಜೊತೆ ಬಟ್ಟು, ಒಂದು ಸ್ಟೀಲ್ ಅಳತೆಪಟ್ಟಿ, ಒಂದು ನಂಬಿಕಸ್ಥ ಮಲ್ಟಿಮೀಟರ್. ಇವು ಪ್ರಯೋಗಕ್ಕಲ್ಲ, ಉಳಿದವನ್ನು ಪರೀಕ್ಷಿಸಲು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ದೇಶಕ್ಕೆ ಮಾಡುವ ಕೆಲಸವೂ ಇದೇ. ಅಲ್ಲಿ ಭದ್ರವಾಗಿಟ್ಟಿರುವ 57ನೇ ಸಂಖ್ಯೆಯ ಕಿಲೋಗ್ರಾಂ ಮಾದರಿಯಿಂದ ಸರಪಳಿಯಂತೆ ಇಳಿದುಬಂದ ಅಳತೆಯೇ ನಮ್ಮೂರ ಕಿರಾಣಿ ಅಂಗಡಿಯ ಬಟ್ಟಿನ ಮೇಲಿನ ಮುದ್ರೆಯವರೆಗೆ ಬಂದದ್ದು. 2019ರ ಮೇ 20ರಿಂದ ಕಿಲೋಗ್ರಾಮಿನ ವ್ಯಾಖ್ಯೆ ಲೋಹದ ತುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕಕ್ಕೆ ಹೋಗಿದೆ, ಆದರೆ ಸರಪಳಿ ಹಾಗೇ ಇದೆ. ಅದರ ಕೊನೆಯ ಕೊಂಡಿ ಎಂಟನೇ ತರಗತಿಯ ಬೆಂಚಿನ ಮೇಲೂ ಇರಬಹುದೆಂದು ಮಕ್ಕಳಿಗೆ ಹೇಳಿದರೆ ಅವರ ಕಣ್ಣು ಅರಳುವುದನ್ನು ನೋಡಿದ್ದೇನೆ.

ಮಡಿಕೇರಿಯ ಶಿಕ್ಷಕಿಗೆ ಆ ಎರಡು ಥರ್ಮಾಮೀಟರುಗಳನ್ನು ಕಳಿಸುವ ಮೊದಲು ಕರಗುವ ಮಂಜುಗಡ್ಡೆಯಲ್ಲೂ ಇಟ್ಟು ನೋಡಿ ಎಂದಿದ್ದೆ. ವಾರ ಬಿಟ್ಟು ಮತ್ತೆ ಫೋನ್ ಬಂತು. 93 ತೋರಿಸಿದ್ದು ಮಂಜಿನಲ್ಲಿ ಸರಿಯಾಗಿ ಸೊನ್ನೆಗೆ ಬಂದಿತ್ತು. ಗೆರೆಗಳ ಅಂತರವೇ ತಪ್ಪು, ಅದನ್ನು ಅಂಗಡಿಗೆ ಕಳಿಸಿದ್ದರು. ನೂರು ತೋರಿಸಿದ್ದು ಮಂಜಿನಲ್ಲಿ 4 ತೋರಿಸಿತ್ತು. ಎರಡೂ ಕಡೆ ನಾಲ್ಕೇ ಹೆಚ್ಚು, ಅಂದರೆ ಗೆರೆಗಳು ಸರಿ, ಪಟ್ಟಿ ಮಾತ್ರ ಸರಿದಿದೆ. ಇದನ್ನು ಕಂಡುಹಿಡಿದದ್ದು ಒಂಬತ್ತನೇ ತರಗತಿಯ ಮಕ್ಕಳು. ಅದನ್ನು ವಾಪಸು ಕಳಿಸಲು ಅವರು ಒಪ್ಪಲಿಲ್ಲವಂತೆ. ತಲೆಗೆ ದಾರ ಕಟ್ಟಿ, ರಟ್ಟಿನ ಚೀಟಿಯಲ್ಲಿ ‘4 ಕಳೆಯಿರಿ’ ಎಂದು ಬರೆದು, ಉಳಿದ ಹತ್ತರ ಜೊತೆಗೆ ಇಟ್ಟಿದ್ದಾರೆ.